ಕಾಸರಗೋಡಿನ ಸೆಕೆಗೆ ಬ್ಯಾಂಬೂ ಕಾಕ್‌ಟೇಲ್: ಶೆರಿ ಉಂಟು, ವರ್ಮೂತ್ ಉಂಟು, ಮುಂದೆ ಎಂತ ಮಾಡುವುದು?

ಕುಂಬಳೆ ಕಡಲು
ಎಲ್ಲರಿಗೂ ನಮಸ್ಕಾರ. ದುಬೈಯಿಂದ ಬರುವಾಗ ಭಾವ ಕಣ್ಣೂರು ಏರ್‌ಪೋರ್ಟಿನ ಡ್ಯೂಟಿ ಫ್ರೀಯಲ್ಲಿ ಟಿಯೋ ಪೆಪೆ ಅನ್ನುವ ಸ್ಪೇನಿನ ಶೆರಿ ವೈನ್ ತಗೊಂಡಿದ್ದರು. ವಿಷುವಿಗೆ ಅವರ ಮನೆಯಲ್ಲೇ ತೆರೆದದ್ದು. ಯಾರಿಗೂ ಹಿಡಿಸಲಿಲ್ಲ. "ಇದೆಂತ ಹುಳಿ ನೀರು ಮಾರಾಯ" ಅಂತ ಮುಚ್ಚಳ ತಿರುಗಿಸಿ ಶೋಕೇಸಿನಲ್ಲಿ ಇಟ್ಟುಬಿಟ್ಟರು. ಈಗ ಆ ಅರ್ಧ ಬಾಟಲಿ ನನ್ನ ಪಾಲಿಗೆ ಬಂದಿದೆ. ಇಲ್ಲಿ ಒಂದು ಡ್ರೈ ವರ್ಮೂತ್, ಅಂದರೆ ಗಿಡಮೂಲಿಕೆ ಹಾಕಿದ ಸಿಹಿ ಕಮ್ಮಿಯ ವೈನ್, ಸಿಕ್ಕಿತು. ಕಾಕ್‌ಟೇಲಿಗೆ ಹನಿ ಲೆಕ್ಕದಲ್ಲಿ ಹಾಕುವ ಕಹಿ ಸಾರ, ಅಂಗೊಸ್ತುರಾ ಬಿಟರ್ಸ್, ಮನೆಯಲ್ಲಿ ಉಂಟು, ಆರೆಂಜ್ ಬಿಟರ್ಸ್ ಇಲ್ಲ.

ಈ ಸೆಕೆಗೆ ವಿಸ್ಕಿ ಬೇಡ ಅನ್ನಿಸುತ್ತದೆ. ಶನಿವಾರ ಇಬ್ಬರು ಗೆಳೆಯರು ಊಟಕ್ಕೆ ಬರುತ್ತಾರೆ. ಊಟಕ್ಕೆ ಮೊದಲು ಒಂದು ಲೈಟ್ ಗ್ಲಾಸ್ ಕೊಡುವ ಅಂತ ಆಸೆ. ಶೆರಿ, ವರ್ಮೂತ್ ಸೇರಿಸಿ ಮಾಡುವ ಬ್ಯಾಂಬೂ ಅಂತ ಒಂದು ಕಾಕ್‌ಟೇಲ್ ಉಂಟಲ್ಲ, ಅದನ್ನು ಮಾಡಿದವರು ಯಾರಾದರೂ ಇದ್ದರೆ ಹೇಳಿ. ಬಾರ್ ಸಾಮಾನು ನನ್ನ ಹತ್ತಿರ ಎಂತದೂ ಇಲ್ಲ.

ಉಪ್ಪಳ ಗೇಟ್
ಎರಡು ವೈನು ಸೇರಿಸಿ ಐಸ್ ಹಾಕಿದರೆ ಅದಕ್ಕೊಂದು ಹೆಸರಾ? ಭಾವನವರು ಹೇಳಿದ್ದೇ ಸರಿ.

ಬೇಕಲ ಬಾರ್ ಕೌಂಟರ್
@ಕುಂಬಳೆ ಕಡಲು, ನಾನು ಇಲ್ಲೇ ಬೇಕಲದ ಕಡೆ ರೆಸಾರ್ಟ್ ಬಾರಿನಲ್ಲಿ ಇದ್ದವನು. ಒಳ್ಳೆ ಡ್ರಿಂಕ್ ಆಯ್ಕೆ ಮಾಡಿದ್ದೀರಿ. ಆದರೆ ಆ ಶೋಕೇಸ್ ಬಾಟಲಿಯನ್ನು ದಯವಿಟ್ಟು ಗೆಳೆಯರಿಗೆ ಕೊಡಬೇಡಿ. ಅದು ಸತ್ತಿದೆ.

ಯಾಕೆ ಅಂದರೆ, ಟಿಯೋ ಪೆಪೆ ಫಿನೋ ಜಾತಿಯ ಶೆರಿ. ಸ್ಪೇನಿನ ಹೆರೆಸ್ ಊರಿನದ್ದು, ಪಾಲೊಮಿನೋ ದ್ರಾಕ್ಷಿಯಿಂದ ಮಾಡುವುದು. ವೈನ್ ಆದ ಮೇಲೆ ಸ್ವಲ್ಪ ದ್ರಾಕ್ಷಿ ಸ್ಪಿರಿಟ್ ಸೇರಿಸಿ ಆಲ್ಕೋಹಾಲನ್ನು 15 ಶೇಕಡಾಕ್ಕೆ ತರುತ್ತಾರೆ. ಪೀಪಾಯಿಯನ್ನು ಪೂರ್ತಿ ತುಂಬಿಸುವುದಿಲ್ಲ. ವೈನಿನ ಮೇಲೆ ಯೀಸ್ಟಿನ ಬಿಳಿ ಕೆನೆಯೊಂದು ಕಟ್ಟುತ್ತದೆ, ಫ್ಲೋರ್ ಅಂತ ಹೇಳುತ್ತಾರೆ. ಗಾಳಿ ವೈನಿಗೆ ತಾಗದ ಹಾಗೆ ಕಾಯುವುದು ಅದೇ. 17 ಶೇಕಡಾ ಹತ್ತಿರ ಸ್ಪಿರಿಟ್ ಹಾಕಿದರೆ ಆ ಕೆನೆ ಉಳಿಯುವುದಿಲ್ಲ. ಗಾಳಿ ತಾಗಿ ತಾಗಿ ವೈನ್ ಕಂದು ಬಣ್ಣಕ್ಕೆ ಬರುತ್ತದೆ. ಅದು ಒಲೊರೊಸೊ, ಬೇರೆಯೇ ಜಾತಿ.

ಫಿನೋ ಅಷ್ಟು ವರ್ಷ ಗಾಳಿಯೇ ಕಾಣದೆ ಬೆಳೆದದ್ದು. ಬಾಟಲಿಯೊಳಗೆ ಆ ಕೆನೆ ಇಲ್ಲ. ತೆರೆದ ಮೇಲೆ ಫ್ರಿಜ್‌ನಲ್ಲಿ ಇಟ್ಟರೂ ಒಂದು ವಾರದೊಳಗೆ ಮುಗಿಸಬೇಕು. ವಿಷುವಿನಿಂದ ಶೋಕೇಸಿನಲ್ಲಿ, ಅದೂ ನಮ್ಮ ಕರಾವಳಿಯ ಸೆಕೆಯಲ್ಲಿ! ಒಂದು ಬಿಳಿ ಪಿಂಗಾಣಿ ತಟ್ಟೆ ಹಿಂದೆ ಹಿಡಿದು ಬಣ್ಣ ನೋಡಿ. ತಾಜಾ ಇದ್ದರೆ ಒಣ ಹುಲ್ಲಿನ ತೆಳು ಬಣ್ಣ ಇರಬೇಕು. ಮೂಗಿಗೆ ಹಸಿ ಸೇಬು, ಬಾದಾಮಿ, ಬ್ರೆಡ್ಡಿನ ಹಿಟ್ಟು ಬಡಿಯಬೇಕು. ಕತ್ತರಿಸಿಟ್ಟು ಕಪ್ಪಾದ ಸೇಬಿನ ವಾಸನೆ ಬಂದರೆ ಮುಗಿಯಿತು, ಅಡುಗೆಗೆ ಬಿಡಿ.

ಹೊಸೂರು ಮಂಜ
ಬಾಸ್, ಇದು ಶೆರಿಗೆ ಮಾತ್ರಾನಾ, ವರ್ಮೂತ್‌ಗೂ ಹೀಗೇನಾ? ನಮ್ಮ ಕಡೆ ಬಾರ್‌ಗಳಲ್ಲಿ ವರ್ಮೂತ್ ಬಾಟಲಿ ವಿಸ್ಕಿ, ರಮ್ಮಿನ ಪಕ್ಕದಲ್ಲೇ ಧೂಳು ಹಿಡಿದು ನಿಂತಿರುತ್ತೆ.

ಬೇಕಲ ಬಾರ್ ಕೌಂಟರ್
ವರ್ಮೂತ್ ಕೂಡ ವೈನೇ ಮಾರಾಯ್ರೆ. ಸ್ವಲ್ಪ ಗಟ್ಟಿ ಅಷ್ಟೇ. ಫ್ರಿಜ್‌ನಲ್ಲಿ ಇಟ್ಟರೆ ಒಂದು ತಿಂಗಳು ಚೆನ್ನಾಗಿರುತ್ತದೆ, ಎರಡು ತಿಂಗಳವರೆಗೆ ಎಳೆಯಬಹುದು. ಹೊರಗೆ ನಿಲ್ಲಿಸಿದ್ದು ಬೇಗ ಸಪ್ಪೆಯಾಗುತ್ತದೆ. ಮಾರ್ಟಿನಿ (ಜಿನ್ನಿಗೆ ವರ್ಮೂತ್ ಸೇರಿಸಿದ ಕಾಕ್‌ಟೇಲ್) ಕುಡಿದು "ವರ್ಮೂತ್ ಬೇಡ, ತೋರಿಸಿದರೆ ಸಾಕು" ಅನ್ನುವವರಲ್ಲಿ ಮುಕ್ಕಾಲು ಜನ ತಾಜಾ ವರ್ಮೂತ್ ಕುಡಿದೇ ಇಲ್ಲ ಅಂತ ನನ್ನ ಅನುಮಾನ.

ಮುಳ್ಳೇರಿಯ ಅಕ್ಕ
ನನಗೆ ಈ ವರ್ಮೂತ್ ಅಂದರೆ ನಮ್ಮ ದ್ರಾಕ್ಷಾರಿಷ್ಟದ ಹಾಗೆಯೇ ಕಾಣುತ್ತದೆ. ದ್ರಾಕ್ಷಿ, ಗಿಡಮೂಲಿಕೆ, ಸ್ವಲ್ಪ ಕಹಿ, ಸ್ವಲ್ಪ ಅಮಲು. ಅಂಗಡಿಮದ್ದಿನ ಅಂಗಡಿಯಲ್ಲಿ ಸಿಗುವುದನ್ನೇ ಅವರು ಗ್ಲಾಸಿನಲ್ಲಿ ಕೊಡುತ್ತಾರೆ, ಅಲ್ವಾ?

ಬೇಕಲ ಬಾರ್ ಕೌಂಟರ್
ಅಕ್ಕ, ತುಂಬಾ ದೂರ ಏನಿಲ್ಲ. ಅರಿಷ್ಟದ ಅಮಲು ಅದರದ್ದೇ ಹುದುಗಿನಿಂದ ಬರುವುದು, ವರ್ಮೂತ್‌ಗೆ ಸ್ಪಿರಿಟ್ ಮೇಲಿಂದ ಸೇರಿಸುತ್ತಾರೆ. ಅಷ್ಟು ವ್ಯತ್ಯಾಸ. ಇಟಲಿಯ ಟುರಿನ್‌ನಲ್ಲಿ ಕಾರ್ಪಾನೋ ಎನ್ನುವವರು 1786ರಲ್ಲಿ ಸಿಹಿಯದ್ದನ್ನು ಮಾರಾಟಕ್ಕೆ ತಂದರು. ಫ್ರಾನ್ಸಿನಲ್ಲಿ ನ್ವಾಯಿ ಎನ್ನುವವರು 1813ರ ಸುಮಾರಿಗೆ ಡ್ರೈ ಜಾತಿಯದ್ದನ್ನು ಶುರು ಮಾಡಿದರು. ಈಗಿನ ನ್ವಾಯಿ ಪ್ರಾ ವರ್ಮೂತ್ ಅಲ್ಲಿಂದಲೇ ಬಂದದ್ದು. ಎರಡರಲ್ಲೂ ಮುಖ್ಯ ಕಹಿ ಆರ್ಟಿಮೀಸಿಯಾ ಅಬ್ಸಿಂಥಿಯಂ ಎನ್ನುವ ಗಿಡದಿಂದ.

ಅಕ್ಕಲಕೋಟಿ ಸಿದ್ದು
ಆರ್ಟಿಮೀಸಿಯಾ ಅಂದ್ರ ನಮ್ಮ ದವನ ಆ ಕುಲದ್ದ ಅಲ್ಲೇನ್ರಿ? ಕೊಲ್ಲಾಪುರದ ಹತ್ತಿರ ಜ್ಯೋತಿಬಾನಿಗೆ ಚೈತ್ರದಾಗ ದವನ ಏರಿಸ್ತಾರ. ಭಾಳ ಘಮ ಇರ್ತದ. ಅದನ್ನ ಬಿಳಿ ವೈನಿನ್ಯಾಗ ನೆನೆಸಿದ್ರ ದೇಸಿ ವರ್ಮೂತ್ ಆಗ್ತದೇನು?

ಮುಳ್ಳೇರಿಯ ಅಕ್ಕ
ಹೌದು ಸಿದ್ದು ಅವರೇ, ದವನ ಆರ್ಟಿಮೀಸಿಯಾ ಪಾಲೆನ್ಸ್. ಮಾಚಿಪತ್ರೆಯೂ ಅದೇ ಕುಲ. ಆದರೆ ಹೂವಿನ ಮಾರುಕಟ್ಟೆಯ ದವನವನ್ನು ಹೊಟ್ಟೆಗೆ ಹಾಕಬೇಡಿ. ಅದು ಮುಡಿಯಲಿಕ್ಕೆ, ಮಾಲೆಗೆ ಅಂತ ಬೆಳೆದದ್ದು. ಮದ್ದು ಹೊಡೆದಿರುತ್ತಾರೆ, ತಿನ್ನುವ ಸೊಪ್ಪಿನ ಹಾಗೆ ಯಾರೂ ಲೆಕ್ಕ ಇಡುವುದಿಲ್ಲ. ಮನೆ ಕುಂಡದ್ದಾದರೆ ಒಂದು ಎಲೆ ಕಿವುಚಿ ಗ್ಲಾಸಿನ ಅಂಚಿಗೆ ಸವರಿ, ಪರಿಮಳಕ್ಕೆ ಅಷ್ಟು ಸಾಕು. ಮಾಚಿಪತ್ರೆಯಂತೂ ಬೇಡವೇ ಬೇಡ. ಅದರಲ್ಲಿ ಥುಜೋನ್ ಎನ್ನುವ, ಜಾಸ್ತಿಯಾದರೆ ವಿಷವಾಗುವ ಅಂಶ ಇರುತ್ತದೆ. ಮನೆಯಲ್ಲಿ ಅಂದಾಜಿಗೆ ಹಾಕುವ ವಸ್ತು ಅದಲ್ಲ.

ಕುಂಬಳೆ ಕಡಲು
ತಟ್ಟೆ ಹಿಡಿದು ನೋಡಿದೆ. ಬಣ್ಣ ಚಹಾ ಡಿಕಾಕ್ಷನ್‌ಗೆ ನೀರು ಹಾಕಿದ ಹಾಗೆ ಉಂಟು. ಹಾಗಾದರೆ ಭಾವ ವಿಷುವಿನ ದಿನ ಕುಡಿದದ್ದು ತಾಜಾ ಶೆರಿಯೇ, ಅವರಿಗೆ ರುಚಿ ಗೊತ್ತಾಗಲಿಲ್ಲ ಅಷ್ಟೇ! ಒಳ್ಳೆ ಸುದ್ದಿ ಎಂತ ಅಂದರೆ ಅವರು ಎರಡು ಬಾಟಲಿ ತಂದಿದ್ದರಂತೆ. ಸೀಲ್ ಒಡೆಯದ್ದು ಒಂದು ಅಲ್ಲೇ ಉಂಟು. ಒಂದು ಕಟ್ಟು ಹಲಸಿನ ಹಪ್ಪಳಕ್ಕೆ ವ್ಯಾಪಾರ ಕುದುರಿದೆ. ಈಗ ರೆಸಿಪಿ ಹೇಳಿ.

ಹೊಸೂರು ಮಂಜ
ಸೀಲ್ ಬಾಟಲಿ ಸಿಕ್ಕಿತಲ್ಲ, ಲಕ್ಕಿ ನೀವು. ಇಲ್ಲದಿದ್ರೆ ನಾನು ಬೆಂಗಳೂರಿನಲ್ಲಿ ತಗೊಂಡು ಬಸ್ಸಿಗೆ ಹಾಕ್ತೀನಿ ಅಂತ ಹೇಳೋಣ ಅಂತಿದ್ದೆ.

ಉಪ್ಪಳ ಗೇಟ್
ಹಾಕಿ, ಹಾಕಿ. ತಲಪಾಡಿ ಗಡಿ ದಾಟಿದ ಮೇಲೆ ಎಕ್ಸೈಸ್‌ನವರು ಬಸ್ಸು ಹತ್ತಿದರೆ ಕಾಕ್‌ಟೇಲ್ ಅಲ್ಲ, ಕೇಸು ಕುಡಿಯಬೇಕು. ಹೊರ ರಾಜ್ಯದ ಬಾಟಲಿ ಪರ್ಮಿಟ್ ಇಲ್ಲದೆ ಇಲ್ಲಿಗೆ ತರುವ ಹಾಗಿಲ್ಲ. ಗಡಿಯಲ್ಲಿ ಇರುವವರಿಗೆ ಇದು ಹೇಳಿಕೊಡಬೇಕಾ?

ಬೇಕಲ ಬಾರ್ ಕೌಂಟರ್
ಉಪ್ಪಳದವರು ಹೇಳಿದ್ದು ಸರಿ. ಮತ್ತೆ, ಕೇರಳದಲ್ಲಿ ಕುಡಿಯುವ ವಯಸ್ಸು 23. ಗೆಳೆಯರೊಟ್ಟಿಗೆ ಅವರ ತಮ್ಮಂದಿರು ಬಂದರೆ ನೆನಪಿರಲಿ.

ರೆಸಿಪಿ ಒಬ್ಬರಿಗೆ: ಫಿನೋ ಶೆರಿ 45 ಎಂಎಲ್, ಡ್ರೈ ವರ್ಮೂತ್ 45 ಎಂಎಲ್, ಅಂಗೊಸ್ತುರಾ ಒಂದು ಚಿಮುಕು, ಆರೆಂಜ್ ಬಿಟರ್ಸ್ ಒಂದು ಚಿಮುಕು. ನಿಮ್ಮಲ್ಲಿ ಆರೆಂಜ್ ಬಿಟರ್ಸ್ ಇಲ್ಲ, ಚಿಂತೆ ಬೇಡ. ಕಿತ್ತಳೆ ಸಿಪ್ಪೆ ಹೆಬ್ಬೆರಳಿನಷ್ಟು ಅಗಲ ಸೀಳಿ, ಒಳಗಿನ ಬಿಳಿ ಭಾಗ ತೆಗೆಯಿರಿ. ಡ್ರಿಂಕ್ ಗ್ಲಾಸಿಗೆ ಬಂದ ಮೇಲೆ ಸಿಪ್ಪೆಯ ಹೊರಮೈ ಕೆಳಗೆ ಮಾಡಿ ಮಡಚಿ ಹಿಂಡಿ. ಬೆಳಕಿಗೆ ಎದುರಾಗಿ ಹಿಡಿದರೆ ಎಣ್ಣೆಯ ಹನಿ ಮಂಜಿನ ಹಾಗೆ ಹಾರುವುದು ಕಾಣುತ್ತದೆ. ಆ ಎಣ್ಣೆ ಡ್ರಿಂಕಿನ ಮೇಲೆ ಬೀಳಬೇಕು. ಮನೆಯ ತೋಟದಲ್ಲಿ ಹೇರಳೆಕಾಯಿ ಇದ್ದರೆ ಅದರ ಸಿಪ್ಪೆ ಇನ್ನೂ ಖಾರ, ನನಗೆ ಅದೇ ಇಷ್ಟ.

ಇದು ಕಲಕುವ ಡ್ರಿಂಕ್, ಕುಲುಕುವುದಲ್ಲ. ಜ್ಯೂಸೋ ಹಾಲೋ ಇದ್ದರೆ ಕುಲುಕಬೇಕು. ಬರೀ ವೈನು, ಸ್ಪಿರಿಟ್ ಇದ್ದಲ್ಲಿ ಕುಲುಕಿದರೆ ಗಾಳಿಗುಳ್ಳೆ, ಐಸ್ ಚೂರು ಸೇರಿ ಮಬ್ಬಾಗುತ್ತದೆ. ಬಾಯಿಗೆ ನುಣ್ಣಗೆ ಸಿಗುವುದಿಲ್ಲ.

ಬಾರ್ ಗ್ಲಾಸ್ ಬೇಕಂತಿಲ್ಲ. ಸ್ಟೀಲ್ ಚೊಂಬು ತಗೊಳ್ಳಿ, ತೆಳುವಾದದ್ದು. ದಪ್ಪ ಗಾಜಿನ ಜಗ್ ತಾನೇ ಬಿಸಿ ಹಿಡಿದುಕೊಂಡಿರುತ್ತದೆ, ಅದನ್ನು ತಣಿಸಲಿಕ್ಕೇ ಅರ್ಧ ಐಸ್ ಹೋಗುತ್ತದೆ. ಚೊಂಬಿನ ಮುಕ್ಕಾಲು ಭಾಗ ಐಸ್ ಹಾಕಿ, ಉದ್ದ ಹಿಡಿಯ ಚಮಚದ ಬೆನ್ನು ಚೊಂಬಿನ ಗೋಡೆಗೆ ತಾಗಿಸಿ ಸುತ್ತ ತಿರುಗಿಸಿ. ಐಸ್ ಒಟ್ಟಿಗೇ ಒಂದು ಗಡ್ಡೆಯಾಗಿ ಸುತ್ತಬೇಕು, ಕಟಕಟ ಸದ್ದು ಬರಬಾರದು. ಸದ್ದು ಬಂದರೆ ಐಸ್ ಒಡೆಯುತ್ತಾ ಉಂಟು ಅಂತ ಅರ್ಥ. ಇಪ್ಪತ್ತು ಸೆಕೆಂಡ್ ಸಾಕು. ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಫ್ರೀಜರಿನಲ್ಲಿ ಇಟ್ಟ ಸಣ್ಣ ಗ್ಲಾಸಿಗೆ ಹಾಕಿ. ಗ್ಲಾಸಿಗೆ ಮತ್ತೆ ಐಸ್ ಬೇಡ.

ಎಲ್ಲಕ್ಕಿಂತ ಮುಖ್ಯ: ಎರಡೂ ಬಾಟಲಿ ಹಿಂದಿನ ರಾತ್ರಿಯೇ ಫ್ರಿಜ್‌ಗೆ ಹೋಗಬೇಕು. ಅಳತೆಯಲ್ಲಿ ಐದು ಎಂಎಲ್ ಆಚೆ ಈಚೆ ಆದರೆ ನಡೆಯುತ್ತದೆ. ಇದರಲ್ಲಿ ನಡೆಯುವುದಿಲ್ಲ.

ಉಪ್ಪಳ ಗೇಟ್
ಐಸ್ ಇರುವಾಗ ಫ್ರಿಜ್ ಯಾಕೆ? ಐಸ್ ಇರುವುದೇ ತಣ್ಣಗೆ ಮಾಡಲಿಕ್ಕೆ ಅಲ್ವಾ?

ನೀರ್ಚಾಲು ಮೇಷ್ಟ್ರು
ಇಷ್ಟು ಹೊತ್ತು ಸುಮ್ನೆ ಓದುತ್ತಾ ಇದ್ದೆ, ಈಗ ನನ್ನ ಪಾಠಕ್ಕೆ ಬಂತು. ಲೆಕ್ಕ ಮಾಡುವ. ಒಂದು ಗ್ರಾಂ ಐಸ್ ಕರಗಲಿಕ್ಕೆ 80 ಕ್ಯಾಲೊರಿ ಶಾಖ ಬೇಕು. ಶೋಕೇಸಿನ ಬಾಟಲಿಯ ವೈನ್ ಈಗ ನಮ್ಮಲ್ಲಿ 32 ಡಿಗ್ರಿ ಇರುತ್ತದೆ ಅಂತ ಇಟ್ಟುಕೊಳ್ಳಿ. ಸುಲಭಕ್ಕೆ ವೈನನ್ನು ನೀರು ಅಂತಲೇ ಹಿಡಿಯುವ. 90 ಎಂಎಲ್ ಅನ್ನು 32ರಿಂದ ಸೊನ್ನೆಗೆ ಇಳಿಸಲು 90 ಗುಣಿಸು 32, ಅಂದರೆ 2,880 ಕ್ಯಾಲೊರಿ ತೆಗೆಯಬೇಕು. 80ರಿಂದ ಭಾಗಿಸಿ. 36 ಗ್ರಾಂ ಐಸ್ ಕರಗಿ ನೀರಾಗಿ ನಿಮ್ಮ ಗ್ಲಾಸಿಗೇ ಬಂತು. 90 ಇದ್ದದ್ದು 126 ಆಯಿತು.

ಅದೇ ಬಾಟಲಿ ಫ್ರಿಜ್‌ನಿಂದ 6 ಡಿಗ್ರಿಯಲ್ಲಿ ಬಂದರೆ 540 ಕ್ಯಾಲೊರಿ. 7 ಗ್ರಾಂ ಐಸ್ ಸಾಕು. ಫ್ರೀಜರಿನ ಐಸ್ ಸೊನ್ನೆಗಿಂತ ಕೆಳಗೆ ಇರುತ್ತದೆ, ಚೊಂಬು ಸ್ವಲ್ಪ ಬಿಸಿ ಕೊಡುತ್ತದೆ, ಹಾಗಾಗಿ ಅಂಕೆ ಸ್ವಲ್ಪ ಅತ್ತ ಇತ್ತ. ಆದರೆ 36 ಎಲ್ಲಿ, 7 ಎಲ್ಲಿ!

ವಿಸ್ಕಿ, ಜಿನ್ನಿಗೆ ಇಷ್ಟು ನೀರು ಬಿದ್ದರೂ ತಡೆದುಕೊಳ್ಳುತ್ತದೆ. ವೈನ್ ಮೊದಲೇ ತೆಳು. ಅದಕ್ಕೆ ಇನ್ನೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ನೀರು ಬಿದ್ದರೆ ಉಳಿಯುವುದು ಎಂತ?

ಬೇಕಲ ಬಾರ್ ಕೌಂಟರ್
ಮೇಷ್ಟ್ರೇ, ನಾವು ಕೈಯಂದಾಜಿನಲ್ಲಿ ಮಾಡುತ್ತಿದ್ದದ್ದನ್ನು ನೀವು ಪೇಪರಿನಲ್ಲಿ ತೋರಿಸಿದಿರಿ. ಒಂದು ಮಾತು ಸೇರಿಸುತ್ತೇನೆ. ನೀರು ಪೂರ್ತಿ ಬೇಡ ಅಂತಲೂ ಅಲ್ಲ. ಸ್ವಲ್ಪ ನೀರು ಬಿದ್ದರೆ ಪರಿಮಳ ಬಿಡುತ್ತದೆ, ವರ್ಮೂತಿನ ಅಂಟು ಕಮ್ಮಿಯಾಗುತ್ತದೆ. 15ರಿಂದ 20 ಎಂಎಲ್ ನನಗೆ ಸರಿ ಅನ್ನಿಸುತ್ತದೆ. ನಿಮ್ಮ 7 ಗ್ರಾಂ, ಮೇಲಿಂದ ಚೊಂಬಿನ ಬಿಸಿ, ಇಪ್ಪತ್ತು ಸೆಕೆಂಡ್ ಕಲಕು, ಎಲ್ಲ ಸೇರಿ ಅದರ ಹತ್ತಿರ ಬರುತ್ತದೆ.

ಮುಳ್ಳೇರಿಯ ಅಕ್ಕ
ಐಸಿನ ನೀರಿನ ಬಗ್ಗೆಯೂ ಹೇಳಿ. ನಮ್ಮ ಕಡೆ ಕುಡಿಯುವ ನೀರಿಗೆ ಜೀರಿಗೆಯೋ ಕೆಂಪು ಬಣ್ಣ ಬಿಡುವ ಪದಿಮುಗದ ಚಕ್ಕೆಯೋ ಹಾಕಿ ಕುದಿಸುತ್ತೇವೆ. ಹೂಜಿಯಲ್ಲಿ ಇರುವುದನ್ನೇ ಐಸ್ ಟ್ರೇಗೆ ಹೊಯ್ದರೆ ಗುಲಾಬಿ ಬಣ್ಣದ ಐಸ್ ಆಗುತ್ತದೆ. ಮತ್ತೆ ಫ್ರೀಜರಿನಲ್ಲಿ ಬಂಗುಡೆ ಇದ್ದರೆ ಕತೆ ಮುಗಿಯಿತು.

ಬೇಕಲ ಬಾರ್ ಕೌಂಟರ್
ಅಕ್ಕ, ನಕ್ಕು ಸಾಕಾಯಿತು. ಆದರೆ ಇದು ನಿಜ. ಐಸ್ ವಾಸನೆ ಹಿಡಿಯುತ್ತದೆ. ಸಾದಾ ನೀರು ಕುದಿಸಿ ಆರಿಸಿ, ಮುಚ್ಚಳ ಇರುವ ಸಣ್ಣ ಡಬ್ಬಿಯಲ್ಲಿ ಇಡಿ. ದೊಡ್ಡ ತುಂಡು ಆದಷ್ಟು ಒಳ್ಳೆಯದು. ಬಂಗುಡೆಗೆ ಒಂದು ದಿನ ರಜೆ ಕೊಡಿ.

ಅಕ್ಕಲಕೋಟಿ ಸಿದ್ದು
ಈ ಬ್ಯಾಂಬೂ ಹುಟ್ಟಿದ್ದು ಎಲ್ಲಿ? ಜಪಾನ್ ಅಂತ ಯಾರೋ ಹೇಳಿದ್ರು.

ಬೇಕಲ ಬಾರ್ ಕೌಂಟರ್
ಎಲ್ಲರೂ ಹೇಳುವುದು ಯೊಕೊಹಾಮಾದ ಗ್ರ್ಯಾಂಡ್ ಹೋಟೆಲಿನ ಲೂಯಿ ಎಪ್ಪಿಂಗರ್ ಹೆಸರು. ಜರ್ಮನಿಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಬಾರ್ ನೋಡಿಕೊಂಡು, 1890ರ ಸುಮಾರಿಗೆ ಜಪಾನಿಗೆ ಹೋದವರು. 1908ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಂದ ಒಂದು ಬಾರ್ ಕೈಪಿಡಿಯೂ ಅವರ ಹೆಸರನ್ನೇ ಕೊಟ್ಟಿದೆ. ಆದರೆ 1886ರಲ್ಲೇ ಅಮೆರಿಕದ ಪತ್ರಿಕೆಯಲ್ಲಿ ಬ್ಯಾಂಬೂ ಅಂತ ಹೊಸ ಡ್ರಿಂಕಿನ ಸುದ್ದಿ ಬಂದಿತ್ತು. ಅದರಲ್ಲಿ ಮೂರು ಪಾಲು ಶೆರಿಗೆ ಒಂದು ಪಾಲು ವರ್ಮೂತ್. ಹಾಗಾಗಿ ಎಪ್ಪಿಂಗರ್ ಹುಟ್ಟಿಸಿದ್ದಲ್ಲ, ಊರಿಗೆಲ್ಲ ಪರಿಚಯ ಮಾಡಿಸಿದ್ದು ಅಂತ ನಾನು ನಂಬುತ್ತೇನೆ. ಆ ಹೋಟೆಲ್ 1923ರ ಭೂಕಂಪದಲ್ಲಿ ಬಿತ್ತು.

ಉಪ್ಪಳ ಗೇಟ್
ಚರಿತ್ರೆ ಇರಲಿ. "ಲೋ ಆಲ್ಕೋಹಾಲ್" ಅಂತ ಹೇಳುತ್ತೀರಲ್ಲ, ಎಷ್ಟು ಲೋ? ನಾಲ್ಕು ಕುಡಿದು ಬೈಕ್ ಬಿಡಬಹುದಾ?

ನೀರ್ಚಾಲು ಮೇಷ್ಟ್ರು
ಬೇಡ ಮಾರಾಯ್ರೆ, ಒಂದು ಕುಡಿದರೂ ಬೇಡ. 45 ಎಂಎಲ್ ಶೆರಿ 15 ಶೇಕಡಾ ಅಂದರೆ 6.75 ಎಂಎಲ್ ಶುದ್ಧ ಆಲ್ಕೋಹಾಲ್. ವರ್ಮೂತ್ 18 ಶೇಕಡಾದ್ದು ಅಂತ ಹಿಡಿದರೆ 8.1. ಒಟ್ಟು ಸುಮಾರು 15 ಎಂಎಲ್. ನಮ್ಮ ವಿಸ್ಕಿ 42.8 ಶೇಕಡಾ. 30 ಎಂಎಲ್ ಸಣ್ಣ ಪೆಗ್ಗಿನಲ್ಲಿ ಇರುವುದು 13 ಎಂಎಲ್ ಹತ್ತಿರ. ಅಂದರೆ ಒಂದು ಬ್ಯಾಂಬೂ ಒಂದು ಸಣ್ಣ ಪೆಗ್ಗಿಗಿಂತ ಸ್ವಲ್ಪ ಜಾಸ್ತಿಯೇ. ಎರಡು ಬ್ಯಾಂಬೂ ಒಂದು ಲಾರ್ಜನ್ನು, ಅಂದರೆ 60 ಎಂಎಲ್ ಪೆಗ್ಗನ್ನು, ದಾಟುತ್ತದೆ. ನಾಲ್ಕು ಅಂದರೆ ಎರಡು ಲಾರ್ಜಿಗೂ ಮೇಲೆ. ಬೈಕಿಗೆ ಕಾನೂನು 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂವರೆಗೆ ಮಾತ್ರ ಬಿಡುತ್ತದೆ.

ಉಪ್ಪಳ ಗೇಟ್
ಹಾಗಾದರೆ ಲೋ ಅನ್ನುವುದು ಸುಳ್ಳು!

ಬೇಕಲ ಬಾರ್ ಕೌಂಟರ್
ಸುಳ್ಳಲ್ಲ. ಇದನ್ನು ಮಾರ್ಟಿನಿ ಜೊತೆ ಇಟ್ಟು ನೋಡಬೇಕು. 60 ಎಂಎಲ್ ಜಿನ್ ಹಾಕಿದ ಮಾರ್ಟಿನಿಯಲ್ಲಿ ಜಿನ್ನಿನದ್ದೇ 25 ಎಂಎಲ್ ಆಲ್ಕೋಹಾಲ್ ಇರುತ್ತದೆ, ಮೇಲೆ ವರ್ಮೂತಿನದ್ದು ಬೇರೆ. ಅದೇ ಗ್ಲಾಸು, ಅದೇ ಶಿಸ್ತು, ಅಮಲು ಹತ್ತಿರ ಹತ್ತಿರ ಅರ್ಧ. ಊಟಕ್ಕೆ ಮೊದಲು ಒಂದು ಗ್ಲಾಸು ಹಿಡಿದು ಅರ್ಧ ಗಂಟೆ ಮಾತಾಡಲಿಕ್ಕೆ ಇರುವ ಡ್ರಿಂಕ್ ಇದು. ಬಾಟಲಿ ಖಾಲಿ ಮಾಡುವ ಸ್ಪರ್ಧೆಗೆ ಅಲ್ಲ. ಸುಲಭದಲ್ಲಿ ಇಳಿಯುತ್ತದೆ ಅಂತ ಬೇಗ ಬೇಗ ಕುಡಿಯುವವರನ್ನು ನಾನು ಕೌಂಟರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಹೊಸೂರು ಮಂಜ
ನನ್ನ ಹತ್ತಿರ ಇರೋದು ಕ್ರೀಮ್ ಶೆರಿ. ನಡೆಯುತ್ತಾ? ಇನ್ನೊಂದು, ಗೋವಾದ ಪೋರ್ಟ್ ವೈನ್ ಹಾಕಬಹುದಾ?

ಬೇಕಲ ಬಾರ್ ಕೌಂಟರ್
ಕ್ರೀಮ್ ಶೆರಿ ಸಿಹಿ. ಅದು ಒಂದು ಪಾಲು, ಡ್ರೈ ವರ್ಮೂತ್ ಎರಡು ಪಾಲು ಹಾಕಿ ನೋಡಿ. ಬ್ಯಾಂಬೂ ಅಲ್ಲ, ಆದರೆ ಕುಡಿಯುವ ಹಾಗೆ ಇರುತ್ತದೆ. ನಮ್ಮಲ್ಲಿ ಸಿಗುವ ಅಗ್ಗದ ಪೋರ್ಟ್ ಬೇಡ. ಸಕ್ಕರೆ ಪಾನಕ. ಅದಕ್ಕೆ ನಿಂಬೆ ಹಿಂಡಿ ಸೋಡಾ ಹಾಕಿ ಕುಡಿಯುವುದೇ ಮರ್ಯಾದೆ.

ಕುಂಬಳೆ ಕಡಲು
ಶನಿವಾರದ ವರದಿ. ಬಾಟಲಿಗಳು ಶುಕ್ರವಾರ ರಾತ್ರಿಯೇ ಫ್ರಿಜ್‌ಗೆ ಹೋದವು, ಮೊಸರಿನ ಪಾತ್ರೆಯ ಹಿಂದೆ. ಚೊಂಬು, ಚಮಚ, ಚಹಾ ಜಾಲರಿ, ಎಲ್ಲ ಅಡುಗೆಮನೆಯದ್ದೇ. ಹೇರಳೆ ಸಿಪ್ಪೆ ಹಿಂಡಿದ ಕೂಡಲೇ ಟೇಬಲ್ಲಿನ ಆಚೆ ಕೂತವನಿಗೂ ಪರಿಮಳ ಬಂತು. ಬಣ್ಣ ತೆಳು ಚಿನ್ನದ್ದು, ಕನ್ನಡಿಯ ಹಾಗೆ ತಿಳಿ. ಮೊದಲು ಬಾಯಿಗೆ ಉಪ್ಪುಪ್ಪು, ಆಮೇಲೆ ಬಾದಾಮಿ, ಕೊನೆಗೆ ಒಂದು ಕಹಿ ಎಳೆ. ಸಿಹಿ ಇಲ್ಲವೇ ಇಲ್ಲ ಅಂತ ಹೇಳಬಹುದು. ಹುರಿದ ಗೇರುಬೀಜ ಮತ್ತು ಹಲಸಿನ ಹಪ್ಪಳ ಇಟ್ಟಿದ್ದೆ. ಹಪ್ಪಳದ ಎಣ್ಣೆಯನ್ನು ಒಂದು ಗುಟುಕು ಪೂರ್ತಿ ತೊಳೆದುಬಿಡುತ್ತದೆ. ಒಬ್ಬ ಗೆಳೆಯ ಕುಡಿಯುವುದಿಲ್ಲ, ಅವನಿಗೆ ಪುನರ್ಪುಳಿ ಶರಬತ್ತು ಅದೇ ತಣ್ಣಗಿನ ಗ್ಲಾಸಿನಲ್ಲಿ ಕೊಟ್ಟೆ.

ಭಾವನೂ ಬಂದಿದ್ದರು. ಅದೇ ಶೆರಿ ಅಂತ ಹೇಳದೆ ಕೊಟ್ಟೆ. "ಇದು ಎಲ್ಲಿಂದ ತಂದದ್ದು?" ಅಂತ ಕೇಳಿದರು.

ಈಗ ಪ್ರಶ್ನೆ: ಅರ್ಧ ಬಾಟಲಿ ಶೆರಿ ಉಳಿದಿದೆ. ವಾರದೊಳಗೆ ಮುಗಿಯುವುದಿಲ್ಲ. ಎಂತ ಮಾಡುವುದು?

ಬೇಕಲ ಬಾರ್ ಕೌಂಟರ್
ಶತ್ರು ಗಾಳಿ ಅಲ್ವಾ? ಹಾಗಾದರೆ ಗಾಳಿಗೆ ಜಾಗ ಕೊಡಬೇಡಿ. ಖಾಲಿ ಕ್ವಾರ್ಟರ್ ಬಾಟಲಿ, 180 ಎಂಎಲ್ ಗಾಜಿನದ್ದು, ಚೆನ್ನಾಗಿ ತೊಳೆದು ಬಿಸಿ ನೀರಿನಲ್ಲಿ ಕುದಿಸಿ ಒಣಗಿಸಿ. ಶೆರಿಯನ್ನು ಕುತ್ತಿಗೆಯ ತುದಿವರೆಗೆ, ಮುಚ್ಚಳ ಹಾಕುವಾಗ ಒಂದು ಹನಿ ಹೊರಗೆ ಚೆಲ್ಲುವಷ್ಟು ತುಂಬಿಸಿ. ಮುಚ್ಚಳ ಬಿಗಿ ಮಾಡಿ ಫ್ರಿಜ್‌ಗೆ. ದೊಡ್ಡ ಬಾಟಲಿಯಲ್ಲಿ ಅರ್ಧ ಗಾಳಿಯೊಟ್ಟಿಗೆ ಬಿಡುವುದಕ್ಕಿಂತ ಎಷ್ಟೋ ಜಾಸ್ತಿ ದಿನ ಉಳಿಯುತ್ತದೆ. ಮುಂದಿನ ಸಲ ತೆರೆದ ದಿನವೇ ಹೀಗೆ ಮಾಡಿ.

ಹಳೆ ಶೋಕೇಸ್ ಶೆರಿ ಚೆಲ್ಲಬೇಡಿ. ಅಣಬೆ ಹುರಿಯುವಾಗ, ಈರುಳ್ಳಿ ಕಂದು ಬಣ್ಣಕ್ಕೆ ಬಂದ ಮೇಲೆ ಸಣ್ಣ ಲೋಟದಷ್ಟು ಹೊಯ್ದು ದೊಡ್ಡ ಉರಿಯಲ್ಲಿ ಬತ್ತಿಸಿ.

ಕುಂಬಳೆ ಕಡಲು
ಅಣಬೆಯದ್ದು ಇವತ್ತೇ ಆಗುತ್ತದೆ. ಸಿಹಿ ವರ್ಮೂತ್ ಹಾಕಿದರೆ ಬೇರೆ ಡ್ರಿಂಕ್ ಆಗುತ್ತದಂತಲ್ಲ?

ಬೇಕಲ ಬಾರ್ ಕೌಂಟರ್
ಅದು ಅಡೋನಿಸ್. ನ್ಯೂಯಾರ್ಕಿನಲ್ಲಿ 1884ರಲ್ಲಿ ಶುರುವಾಗಿ 500ಕ್ಕೂ ಜಾಸ್ತಿ ಪ್ರದರ್ಶನ ಓಡಿದ ಒಂದು ಸಂಗೀತ ನಾಟಕದ ಹೆಸರು ಅದಕ್ಕೆ. ಡ್ರೈ ಬದಲು ಸ್ವೀಟ್ ವರ್ಮೂತ್, ಉಳಿದದ್ದೆಲ್ಲ ಇದೇ. ಮಳೆಗಾಲಕ್ಕೆ ಬ್ಯಾಂಬೂಗಿಂತ ಅದೇ ಒಳ್ಳೆದು. ಸಿಹಿ ಜಾಸ್ತಿ ಅನ್ನಿಸಿದರೆ ಶೆರಿ 50, ವರ್ಮೂತ್ 40 ಮಾಡಿ.

ಉಪ್ಪಳ ಗೇಟ್
ತಗೊಳ್ಳುವುದಾದರೆ ನಾಳೆಯೇ ಹೋಗಿ. ನಾಡಿದ್ದು ಒಂದನೇ ತಾರೀಖು, ಅಂಗಡಿ ಮುಚ್ಚಿರುತ್ತದೆ. ಒಂದು ಗ್ಲಾಸು ನನಗೂ ಇರಲಿ, ಉಪ್ಪಳದಿಂದ ಕುಂಬಳೆಗೆ ಬಸ್ಸಿನಲ್ಲೇ ಬರುತ್ತೇನೆ.

ಮುಳ್ಳೇರಿಯ ಅಕ್ಕ
ಕ್ವಾರ್ಟರ್ ಬಾಟಲಿ ಮೇಲೆ ಚೀಟಿ ಅಂಟಿಸಿ ಕಡಲಣ್ಣ. ಇಲ್ಲದಿದ್ದರೆ ಮನೆಯವರು ವಿನೆಗರ್ ಅಂತ ಉಪ್ಪಿನಕಾಯಿಗೆ ಹೊಯ್ದಾರು.